ಜಾರ್ಜ್ ವಾಷಿಂಗ್ಟನ್ ದಾವೆ ಹೂಡಿ ಗೆದ್ದ ನೆಲದಲ್ಲಿ ನಮ್ಮ ಮನೆ: ಹಕ್ಕು ಎಷ್ಟು ಗಟ್ಟಿ?

ಪ್ರಶ್ನೆ: ನಾವು ಶಿವಮೊಗ್ಗ ಜಿಲ್ಲೆಯವರು. ಹತ್ತು ವರ್ಷದಿಂದ ಅಮೆರಿಕದ ಪಿಟ್ಸ್‌ಬರ್ಗ್ ಬಳಿ ಇದ್ದೇವೆ. ಈಗ ವಾಷಿಂಗ್ಟನ್ ಕೌಂಟಿಯಲ್ಲಿ, ಮಿಲ್ಲರ್ಸ್ ರನ್ ಎಂಬ ತೊರೆಯ ಹತ್ತಿರ, ಎರಡು ಎಕರೆ ಜಾಗವಿರುವ ಹಳೆಯ ಮನೆಯೊಂದಕ್ಕೆ ಮುಂಗಡ ಕೊಟ್ಟಿದ್ದೇವೆ. ಪಕ್ಕದ ಹಿರಿಯರೊಬ್ಬರು, ‘ಇದೆಲ್ಲ ಜಾರ್ಜ್ ವಾಷಿಂಗ್ಟನ್‌ನ ಜಮೀನು, ಉಳುತ್ತಿದ್ದ ಬಡವರ ಮೇಲೆ ಕೇಸು ಹಾಕಿ ಎಬ್ಬಿಸಿದ’ ಎಂದರು. ಮಗಳು ಶಾಲೆಯಿಂದ ಬಂದು, ‘ಇಂಡಿಯನ್ನರಿಗೆ (ಅಮೆರಿಕದ ಮೂಲನಿವಾಸಿಗಳಿಗೆ) ಮಣಿಸರ ಕೊಟ್ಟು ಹೊಡೆದುಕೊಂಡ ಭೂಮಿ’ ಎಂದಳು. ಬ್ಯಾಂಕಿನವರು ಟೈಟಲ್ ಇನ್ಶೂರೆನ್ಸ್, ಅಂದರೆ ಭೂಹಕ್ಕಿನ ವಿಮೆ, ಕಡ್ಡಾಯ ಎನ್ನುತ್ತಾರೆ. ಹಕ್ಕು ಸರಿಯಿದ್ದರೆ ವಿಮೆ ಏಕೆ? ಊರಿನಲ್ಲಿ ನಮ್ಮ ತಂದೆ ಒಂದು ಎಕರೆ ಹನ್ನೆರಡು ಗುಂಟೆಗಾಗಿ ಹತ್ತೊಂಬತ್ತು ವರ್ಷ ಕೋರ್ಟಿಗೆ ಅಲೆದವರು. ಆ ಕಷ್ಟ ಮತ್ತೆ ಬೇಡ. ಈ ಜಾಗವನ್ನು ಕೊಳ್ಳಬಹುದೇ? ಕೊಳ್ಳುವುದು ಸರಿಯೇ?

ಉತ್ತರ: ಕೋರ್ಟಿನ ಮೆಟ್ಟಿಲು ಸವೆಸಿದ ಮನೆಯವರಿಗೆ ‘ಹಳೆಯ ತಕರಾರು’ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ನಿದ್ದೆ ಹಾರಿಹೋಗುತ್ತದೆ. ಹಾಗಾಗಿ ಮೊದಲು ನಿಮಗೆ ಬೇಕಾದ ಮಾತನ್ನೇ ಹೇಳಿಬಿಡುತ್ತೇನೆ. ವಾಷಿಂಗ್ಟನ್‌ನ ದಾವೆಯಿಂದಾಗಲಿ, ಅದಕ್ಕೂ ಹಿಂದಿನ ಮೂಲನಿವಾಸಿಗಳ ಹಕ್ಕಿನಿಂದಾಗಲಿ ಈ ಮನೆ ನಿಮ್ಮ ಕೈತಪ್ಪುವುದಿಲ್ಲ. ನಿಮಗೆ ತೊಂದರೆ ಬಂದರೆ ಅದು ಬರುವುದು ಬೇರೆ ದಿಕ್ಕಿನಿಂದ. ಅದನ್ನು ಮುಂದೆ ಹೇಳುತ್ತೇನೆ.

ಆದರೆ ‘ಕೊಳ್ಳುವುದು ಸರಿಯೇ’ ಎಂದೂ ನೀವು ಕೇಳಿದ್ದೀರಿ. ಪೆನ್ಸಿಲ್ವೇನಿಯಾದ ಕೌಂಟಿ ಕಚೇರಿಗಳಲ್ಲಿ ಇಪ್ಪತ್ತೆರಡು ವರ್ಷ ಹಕ್ಕುಪತ್ರ ಪರಿಶೀಲಿಸುವ ಕೆಲಸ ಮಾಡಿದ್ದೇನೆ. ಕೊಳ್ಳುವವರು ಹಣದ ಬಗ್ಗೆ, ಬೇಲಿಯ ಬಗ್ಗೆ ಕೇಳುತ್ತಾರೆ. ಮೊದಲ ಕಾಗದವನ್ನು ಯಾರು ಯಾರಿಗೆ ಕೊಟ್ಟರು ಎಂದು ಕೇಳಿದವರು ಬಹಳ ಕಡಿಮೆ. ನೀವು ಕೇಳಿದ್ದೀರಿ, ಆದ್ದರಿಂದ ಉತ್ತರವೂ ಉದ್ದವಾಗುತ್ತದೆ.

ನೆರೆಯ ಹಿರಿಯರು ಹೇಳಿದ್ದು ಸುಳ್ಳಲ್ಲ, ಆದರೆ ಅರ್ಧ ಕಥೆ. ವಾಷಿಂಗ್ಟನ್ ಸೇನಾಪತಿಯೂ ಅಧ್ಯಕ್ಷನೂ ಆಗುವ ಮೊದಲು ಮೋಜಣಿದಾರನಾಗಿದ್ದ. ಹದಿನಾರನೆಯ ವಯಸ್ಸಿನಲ್ಲಿ, 1748ರಲ್ಲಿ, ಅಳತೆಯ ತಂಡದೊಂದಿಗೆ ಬೆಟ್ಟ ದಾಟಿದವನು. ಒಳ್ಳೆಯ ನೆಲ ಎಲ್ಲಿದೆ ಎಂಬುದನ್ನು ಎಲ್ಲರಿಗಿಂತ ಮೊದಲು ಕಾಣುವವನು ಮೋಜಣಿದಾರ. ಆ ಕಾಲದ ವರ್ಜೀನಿಯಾದಲ್ಲಿ ಸಿರಿವಂತನಾಗಲು ಅದಕ್ಕಿಂತ ಒಳ್ಳೆಯ ದಾರಿ ಇರಲಿಲ್ಲ. 1763ರ ಅಕ್ಟೋಬರಿನಲ್ಲಿ ಬ್ರಿಟನ್ನಿನ ದೊರೆ ಘೋಷಣೆಯೊಂದನ್ನು ಹೊರಡಿಸಿ, ಅಪಲೇಶಿಯನ್ ಬೆಟ್ಟಸಾಲಿನ ಪಶ್ಚಿಮಕ್ಕೆ ಯಾರೂ ನೆಲೆಸಬಾರದು, ಮೂಲನಿವಾಸಿಗಳಿಂದ ಖಾಸಗಿಯಾಗಿ ಜಮೀನು ಕೊಳ್ಳಬಾರದು ಎಂದ. 1767ರಲ್ಲಿ ವಾಷಿಂಗ್ಟನ್ ತನ್ನ ಪರಿಚಯದ ಮೋಜಣಿದಾರ ವಿಲಿಯಂ ಕ್ರಾಫರ್ಡ್‌ಗೆ ಒಂದು ಪತ್ರ ಬರೆದ. ಅದರ ಸಾರ ಇಷ್ಟು: ಈ ಘೋಷಣೆ ಇಂಡಿಯನ್ನರನ್ನು ಸಮಾಧಾನಪಡಿಸಲು ಮಾಡಿದ ತಾತ್ಕಾಲಿಕ ಏರ್ಪಾಡು, ಇದು ಬಹಳ ಕಾಲ ನಿಲ್ಲದು. ಈಗಲೇ ಒಳ್ಳೆಯ ನೆಲ ಹುಡುಕಿ ಗುರುತು ಹಾಕದವನಿಗೆ ಮತ್ತೆ ಈ ಅವಕಾಶ ಸಿಗದು. ಕೆಲಸ ಗುಟ್ಟಾಗಿ ನಡೆಯಲಿ, ಯಾರಾದರೂ ಕೇಳಿದರೆ ಬೇಟೆಗೆ ಬಂದವನಂತೆ ತೋರಿಸಿಕೋ.

ಕ್ರಾಫರ್ಡ್ ಹುಡುಕಿದ ನೆಲಗಳಲ್ಲಿ ಒಂದು ನಿಮ್ಮ ಮಿಲ್ಲರ್ಸ್ ರನ್. ಆ ಘೋಷಣೆಯಲ್ಲೇ ಯುದ್ಧದಲ್ಲಿ ಸೇವೆ ಸಲ್ಲಿಸಿದವರಿಗೆ ಜಮೀನು ಕೊಡುವ ಮಾತೂ ಇತ್ತು. ಕ್ಯಾಪ್ಟನ್ ದರ್ಜೆಯವನಿಗೆ 3,000 ಎಕರೆ. ಜಾನ್ ಪೋಸಿ ಎಂಬ ಸಾಲಗಾರ ಕ್ಯಾಪ್ಟನ್‌ನಿಂದ ಆ ಹಕ್ಕನ್ನು ವಾಷಿಂಗ್ಟನ್ ಕೊಂಡುಕೊಂಡ. 1771ರಲ್ಲಿ ಮೋಜಣಿ ನಡೆದು, 1774ರಲ್ಲಿ ವರ್ಜೀನಿಯಾದ ಗವರ್ನರ್‌ನಿಂದ 2,813 ಎಕರೆಗೆ ಹಕ್ಕುಪತ್ರ ಬಂತು.

ಈ ಎರಡು ವರ್ಷಗಳ ನಡುವೆ, 1773ರಲ್ಲಿ, ಒಂದಷ್ಟು ಕುಟುಂಬಗಳು ಬಂದು ಅಲ್ಲೇ ನೆಲೆಸಿದವು. ಕ್ರಾಫರ್ಡ್ ಆ ವರ್ಷದ ಕೊನೆಯಲ್ಲಿ ಬರೆದ ಪತ್ರದಲ್ಲಿ ಇದರ ಚಿತ್ರವಿದೆ. ಹತ್ತು ಹನ್ನೆರಡು ಜನ ಬಂದು ಕೂತಿದ್ದಾರೆ, ಬಲ ಪ್ರಯೋಗಿಸದೆ ಎಬ್ಬಿಸಲಾಗದು. ವಾಷಿಂಗ್ಟನ್ ಪರವಾಗಿ ಮೊದಲೇ ಕಟ್ಟಿಸಿದ್ದ ಮನೆಯ ಬಾಗಿಲಿಗೆ ಅಡ್ಡವಾಗಿ ಒಳಗೆ ಕಾಲಿಡಲಾಗದಷ್ಟು ಹತ್ತಿರದಲ್ಲಿ ತಮ್ಮ ಮನೆ ಎಬ್ಬಿಸಿದ್ದಾರೆ. ಒತ್ತುವರಿಯ ಜಗಳ ಕಂಡವರಿಗೆ ಈ ದೃಶ್ಯ ಹೊಸದಲ್ಲ. ಸ್ವಾಧೀನ ತೋರಿಸಲು ಒಬ್ಬ ಗುಡಿಸಲು ಹಾಕುತ್ತಾನೆ, ಆ ಸ್ವಾಧೀನ ಕೆಡಿಸಲು ಇನ್ನೊಬ್ಬ ಅದರ ಮುಂದೆ ಗೋಡೆ ಎಬ್ಬಿಸುತ್ತಾನೆ.

ಆಮೇಲೆ ಕ್ರಾಂತಿಯ ಯುದ್ಧ ಬಂತು. ವಾಷಿಂಗ್ಟನ್ ಎಂಟು ವರ್ಷ ಸೇನೆಯಲ್ಲಿದ್ದ. ಇತ್ತ ಇವರು ಕಾಡು ಕಡಿದರು, ಉತ್ತರು, ಬೇಲಿ ಹಾಕಿದರು. 1784ರ ಸೆಪ್ಟೆಂಬರಿನಲ್ಲಿ ಅವನು ತಾನೇ ಕುದುರೆ ಏರಿ ಬಂದ. ಅವನ ದಿನಚರಿಯಲ್ಲಿ ಒಬ್ಬೊಬ್ಬರ ಹೆಸರಿನ ಮುಂದೆ ಹುಲ್ಲುಗಾವಲು ಎಷ್ಟು ಎಕರೆ, ಉಳುವ ನೆಲ ಎಷ್ಟು, ಬೇಲಿ ಹೇಗಿದೆ, ಮರದ ದಿಮ್ಮಿಯ ಮನೆಯೇ, ಕೊಟ್ಟಿಗೆ ಇದೆಯೇ ಎಂಬ ಲೆಕ್ಕವಿದೆ. ಹಳೆಯ ಮೋಜಣಿದಾರನ ಕಣ್ಣು ಎಲ್ಲೂ ತಪ್ಪಿಲ್ಲ. ನೆಲೆಸಿದವರು ಸ್ಕಾಟಿಷ್ ಮೂಲದ ಧರ್ಮನಿಷ್ಠ ಪ್ರೆಸ್ಬಿಟೇರಿಯನ್ನರು. ಜಗಳ ಬೇಡ, ಆದರೆ ನೆಲ ನಮ್ಮದು ಎಂದರು. ಅವನು ಎರಡು ದಾರಿ ಮುಂದಿಟ್ಟ: ಎಕರೆಗೆ 25 ಷಿಲ್ಲಿಂಗ್‌ನಂತೆ ಮೂರು ವಾರ್ಷಿಕ ಕಂತುಗಳಲ್ಲಿ ಬಡ್ಡಿ ಸಮೇತ ಕೊಂಡುಕೊಳ್ಳಿ, ಇಲ್ಲವೇ ನೂರು ಎಕರೆಗೆ ವರ್ಷಕ್ಕೆ ಹತ್ತು ಪೌಂಡಿನಂತೆ 999 ವರ್ಷಗಳ ಗೇಣಿಗೆ ಒಪ್ಪಿ. ಒಬ್ಬೊಬ್ಬರನ್ನೂ ಹೆಸರು ಹಿಡಿದು ಕೇಳಿದಾಗ, ದಾವೆಯನ್ನೇ ಎದುರಿಸುತ್ತೇವೆ ಎಂದರು.

ದಾವೆ 1786ರ ಅಕ್ಟೋಬರಿನಲ್ಲಿ ಪೆನ್ಸಿಲ್ವೇನಿಯಾದ ಮುಖ್ಯ ನ್ಯಾಯಮೂರ್ತಿ ಥಾಮಸ್ ಮೆಕೀನ್ ಮುಂದೆ ನಡೆಯಿತು. ವಾಷಿಂಗ್ಟನ್ ಗೆದ್ದ. ಸೋತವರು ಅವನ ಗೇಣಿದಾರರಾಗಲು ಒಪ್ಪದೆ, ಹದಿಮೂರು ವರ್ಷ ಉತ್ತ ನೆಲ ಬಿಟ್ಟು ಹೊರಟರು. ಅದರ ಹಿಂದಿನ ವರ್ಷವಷ್ಟೇ ಪೆನ್ಸಿಲ್ವೇನಿಯಾ ಶಾಸನವೊಂದನ್ನು ಮಾಡಿ, ಇಪ್ಪತ್ತೊಂದು ವರ್ಷದ ಅಡೆತಡೆಯಿಲ್ಲದ ಸ್ವಾಧೀನವಿದ್ದರೆ ಹಳೆಯ ಮಾಲೀಕ ದಾವೆ ಹೂಡುವಂತಿಲ್ಲ ಎಂದಿತ್ತು. ಇವರಿಗೆ ಅದಕ್ಕೆ ಎಂಟು ವರ್ಷ ಕಡಿಮೆ. 1796ರಲ್ಲಿ ವಾಷಿಂಗ್ಟನ್ ಇಡೀ ಜಮೀನನ್ನು ಮ್ಯಾಥ್ಯೂ ರಿಚಿ ಎಂಬವನಿಗೆ 12,000 ಡಾಲರಿಗೆ ಮಾರಿದ. ನಿಮ್ಮ ಎರಡು ಎಕರೆ ನಿಜವಾಗಿಯೂ ಆ ತುಂಡಿನೊಳಗಿದ್ದರೆ, ನಿಮ್ಮ ದಾಖಲೆಗಳ ಸರಣಿ ಹಿಂದಕ್ಕೆ ಹೋಗಿ ನಿಲ್ಲುವುದು ಅಲ್ಲಿ.

ಇನ್ನು ಹಿರಿಯರು ಹೇಳದ ಅರ್ಧ. ಅಲ್ಲಿ ನೆಲೆಸಿದವರು ಕಾಗದವಿಲ್ಲದ ಅಮಾಯಕರು, ವಾಷಿಂಗ್ಟನ್ ಕಾಗದ ಹಿಡಿದ ಧಣಿ ಎಂಬ ಚಿತ್ರ ಅಷ್ಟು ಸರಳವಲ್ಲ. ಆ ಸೀಮೆಯಲ್ಲಿ ಕಾಗದಕ್ಕೆ ಬರವೇ ಇರಲಿಲ್ಲ, ಒಂದೇ ನೆಲಕ್ಕೆ ನಾಲ್ಕು ಕಾಗದ ಇರುತ್ತಿದ್ದವು. ಜಾರ್ಜ್ ಕ್ರೋಗನ್ ಎಂಬ ವ್ಯಾಪಾರಿ, ಇರೊಕ್ವಾ ಎಂಬ ಮೂಲನಿವಾಸಿಗಳ ಒಕ್ಕೂಟದ ಮುಖಂಡರು 1749ರಲ್ಲಿ ತನಗೆ ಎರಡು ಲಕ್ಷ ಎಕರೆ ಬರೆದುಕೊಟ್ಟಿದ್ದಾರೆಂದು ಹೇಳಿಕೊಂಡು, ಪಿಟ್ಸ್‌ಬರ್ಗ್ ಸುತ್ತ ತುಂಡು ತುಂಡಾಗಿ ಮಾರುತ್ತಿದ್ದ. ವರ್ಜೀನಿಯಾ ಈ ಸೀಮೆ ತನ್ನದೆಂದಿತು, ಪೆನ್ಸಿಲ್ವೇನಿಯಾ ತನ್ನದೆಂದಿತು. 1774ರಲ್ಲಿ ಇಲ್ಲಿ ಎರಡೂ ಸರ್ಕಾರಗಳ ಮ್ಯಾಜಿಸ್ಟ್ರೇಟರಿದ್ದು, ಒಬ್ಬರು ಇನ್ನೊಬ್ಬರನ್ನು ಬಂಧಿಸುತ್ತಿದ್ದರು. ಗಡಿ ಒಪ್ಪಂದವಾದದ್ದು 1779ರಲ್ಲಿ, ಅನುಮೋದನೆ 1780ರಲ್ಲಿ. ಜಾಗ ಪೆನ್ಸಿಲ್ವೇನಿಯಾಕ್ಕೆ ಸೇರಿತು, ಆದರೆ ಮೊದಲು ವರ್ಜೀನಿಯಾದಿಂದ ಹಕ್ಕು ಪಡೆದವರ ಹಕ್ಕು ಉಳಿಯುತ್ತದೆ ಎಂಬ ಷರತ್ತಿನೊಂದಿಗೆ. ವಾಷಿಂಗ್ಟನ್‌ನ ವರ್ಜೀನಿಯಾ ಕಾಗದ ಪೆನ್ಸಿಲ್ವೇನಿಯಾದ ಕೋರ್ಟಿನಲ್ಲಿ ನಡೆದದ್ದು ಆ ಷರತ್ತಿನ ಬಲದಿಂದ.

ನೆಲೆಸುವವರಿಗೂ ಅವರದೇ ‘ಹಕ್ಕು’ಗಳಿದ್ದವು. ನೀರಿನ ಬುಗ್ಗೆಯ ಸುತ್ತ ನಾಲ್ಕಾರು ಮರಗಳ ತೊಗಟೆ ಸುಲಿದು, ತೊಗಟೆಯ ಮೇಲೆ ಹೆಸರಿನ ಅಕ್ಷರ ಕೊರೆದರೆ ಅದು ‘ಕೊಡಲಿ ಹಕ್ಕು’. ಒಂದು ಬೆಳೆ ಮೆಕ್ಕೆಜೋಳ ತೆಗೆದರೆ ‘ಜೋಳದ ಹಕ್ಕು’. ಕೊಡಲಿ ಹಕ್ಕಿಗೆ ಕಾನೂನಿನ ಬೆಲೆ ಇರಲಿಲ್ಲ, ಆದರೂ ಜಗಳ ಬೇಡವೆಂದು ಜನ ಅದನ್ನು ದುಡ್ಡು ಕೊಟ್ಟು ಕೊಳ್ಳುತ್ತಿದ್ದರು. ಎಷ್ಟೋ ಜನ ಅದನ್ನೇ ಕಸುಬು ಮಾಡಿಕೊಂಡಿದ್ದರು: ಗುರುತು ಹಾಕು, ಮಾರು, ಮುಂದಿನ ಕಣಿವೆಗೆ ಹೋಗು. ನಮ್ಮಲ್ಲಿ ಬಗರ್ ಹುಕುಂ ಸಾಗುವಳಿದಾರರ ಸಾಲಿನಲ್ಲಿ ಹಸಿದ ರೈತನೂ ನಿಂತಿರುತ್ತಾನೆ, ಪಕ್ಕದಲ್ಲೇ ಹತ್ತು ಹೆಸರಿನಲ್ಲಿ ಅರ್ಜಿ ಹಾಕಿದ ಚಾಣಾಕ್ಷನೂ ನಿಂತಿರುತ್ತಾನಲ್ಲ, ಹಾಗೆ.

ಇಷ್ಟೊಂದು ಜನ ಭೂಮಿಯ ಬೆನ್ನು ಹತ್ತಿದ್ದು ಏಕೆ? ಅದು ಬರೀ ದುರಾಸೆ ಎಂದರೆ ಉತ್ತರ ಪೂರ್ತಿಯಾಗದು. ವಸಾಹತುಗಳಲ್ಲಿ ನಾಣ್ಯಕ್ಕೆ ಸದಾ ಬರ. ಹಣ ಕೂಡಿಡಲು ಬ್ಯಾಂಕಿಲ್ಲ. ತಂಬಾಕು ಕೆಲವೇ ವರ್ಷಗಳಲ್ಲಿ ನೆಲದ ಸಾರ ಹೀರಿಬಿಡುತ್ತಿತ್ತು, ಹೊಸ ನೆಲ ಬೇಕೇ ಬೇಕು. ಸರ್ಕಾರದ ಬೊಕ್ಕಸದಲ್ಲಿ ಸೈನಿಕರಿಗೆ ಕೊಡಲು ಹಣವಿಲ್ಲ, ಕಾಣದ ಬೆಟ್ಟದಾಚೆ ಬೇಕಾದಷ್ಟು ಎಕರೆ ಇದೆ, ಸಂಬಳದ ಬದಲು ಅದನ್ನೇ ಬರೆದುಕೊಟ್ಟರು. ಸಿಪಾಯಿಗೆ ಸಿಕ್ಕಿದ ಚೀಟಿಯನ್ನು ಅವನು ಹೊಟ್ಟೆಪಾಡಿಗೆ ಮಾರಿದ, ಹಣವಿದ್ದವನು ಕೊಂಡ. ಇದೆಲ್ಲದರ ಮೇಲೆ, ಜಮೀನು ಮಂಜೂರು ಮಾಡುವವನೇ ಜಮೀನಿನ ಕಂಪನಿಯ ಪಾಲುದಾರನಾಗಿರುತ್ತಿದ್ದ. 1740ರ ದಶಕದ ಕೊನೆಯಲ್ಲಿ ಹುಟ್ಟಿದ ವರ್ಜೀನಿಯಾದ ಓಹಿಯೋ ಕಂಪನಿಗೆ ನೂರು ಕುಟುಂಬ ನೆಲೆಗೊಳಿಸಿ ಕೋಟೆ ಕಟ್ಟುವ ಷರತ್ತಿನ ಮೇಲೆ ಎರಡು ಲಕ್ಷ ಎಕರೆ ದೊರಕಿತು. ಅದರ ಪಾಲುದಾರರು ವರ್ಜೀನಿಯಾದ ದೊಡ್ಡ ಮನೆತನಗಳವರೇ. ಕೇಳುವ ಕೈ, ಕೊಡುವ ಕೈ ಎರಡೂ ಒಂದೇ.

ಇದರ ಜೊತೆಗೆ ಅಳತೆಯ ಗೊಂದಲ. ಇದು ನನ್ನ ಕಸುಬಿಗೆ ಹತ್ತಿರದ ವಿಷಯ, ಸ್ವಲ್ಪ ನಿಂತು ಹೇಳುತ್ತೇನೆ. ಆಗಿನ ಮೋಜಣಿ ಗಂಟರ್ ಸರಪಳಿಯಿಂದ ನಡೆಯುತ್ತಿತ್ತು. ಉದ್ದ 66 ಅಡಿ, ನೂರು ಕೊಂಡಿ, ಹತ್ತು ಚದರ ಸರಪಳಿಗೆ ಒಂದು ಎಕರೆ. ನಿಮ್ಮ ತಂದೆಯವರ ಗುಂಟೆ 33 ಅಡಿಗೆ 33 ಅಡಿ, ಅಂದರೆ ಆ ಸರಪಳಿಯ ಸರಿಯಾಗಿ ಅರ್ಧದ ಚೌಕ. ಶಿವಮೊಗ್ಗದ ಗದ್ದೆಯನ್ನೂ ಪೆನ್ಸಿಲ್ವೇನಿಯಾದ ಕಾಡನ್ನೂ ಅಳೆದದ್ದು ಒಂದೇ ಇಂಗ್ಲಿಷ್ ಎಕರೆಯ ಲೆಕ್ಕದಲ್ಲಿ. ಆದರೆ ಇಲ್ಲಿ ಬಾಂದುಕಲ್ಲು ನೆಡುವ ವ್ಯವಧಾನ ಯಾರಿಗೂ ಇರಲಿಲ್ಲ. ಚಕ್ಕುಬಂದಿ ಎಂದರೆ ‘ತೊರೆಯ ದಡದ ಬಿಳಿ ಓಕ್ ಮರದಿಂದ ದಿಕ್ಸೂಚಿಯ ಇಷ್ಟು ಡಿಗ್ರಿಗೆ ಇಷ್ಟು ಪರ್ಚ್ (ಉದ್ದದ ಒಂದು ಹಳೆಯ ಅಳತೆ), ಅಲ್ಲಿಂದ ಸಕ್ಕರೆ ಮೇಪಲ್ ಮರಕ್ಕೆ’ ಎಂಬ ಧಾಟಿ. ಮರ ಬಿದ್ದರೆ, ತೊರೆ ಹರಿವು ಬದಲಿಸಿದರೆ ಗಡಿಯೂ ಕಾಣೆ. ದಿಕ್ಸೂಚಿ ತೋರಿಸುವ ಉತ್ತರವೂ ವರ್ಷದಿಂದ ವರ್ಷಕ್ಕೆ ಸರಿಯುತ್ತದೆ. ಪೆನ್ಸಿಲ್ವೇನಿಯಾದಲ್ಲಂತೂ ರಸ್ತೆಗಾಗಿ ಎಂದು ನೂರಕ್ಕೆ ಆರು ಎಕರೆ ಹೆಚ್ಚಾಗಿಯೇ ಅಳೆದುಕೊಡುವ ಪದ್ಧತಿ ಇತ್ತು. ಕಾಗದದಲ್ಲಿ 300 ಎಕರೆ ಇದ್ದರೆ ನೆಲದ ಮೇಲೆ 318.

ಇಂಥ ತಕರಾರು ಕೋರ್ಟಿಗೆ ಬಂದಾಗ ಸಾಕ್ಷಿ ಹೇಳುತ್ತಿದ್ದದ್ದು ಮರವೇ. ಮೋಜಣಿದಾರ ಕೊಡಲಿಯಿಂದ ಹಾಕಿದ ಗುರುತಿನ ಮೇಲೆ ತೊಗಟೆ ಬೆಳೆದು ಮುಚ್ಚಿರುತ್ತದೆ. ಆ ಭಾಗವನ್ನು ದಿಮ್ಮಿಯಾಗಿ ಕತ್ತರಿಸಿ ತೆಗೆದು, ಗಾಯದ ಮೇಲೆ ಬೆಳೆದ ಉಂಗುರಗಳನ್ನು ಎಣಿಸಿ, ಮೋಜಣಿ ನಡೆದ ವರ್ಷವನ್ನು ಹೇಳುತ್ತಿದ್ದರು. ಅರವತ್ತು ಉಂಗುರವಿದ್ದರೆ ಅರವತ್ತು ವರ್ಷ. ನಡೆಯದ ಮೋಜಣಿಯನ್ನು ಕಚೇರಿಯ ಮೇಜಿನ ಮೇಲೆ ಬರೆದವರು ಸಿಕ್ಕಿಬೀಳುತ್ತಿದ್ದದ್ದು ಹೀಗೆ.

ಕೆಂಟಕಿಯಲ್ಲಿ ಇದು ಅತಿರೇಕಕ್ಕೆ ಹೋಯಿತು. ಹೆಂಚಿನ ಮೇಲೆ ಹೆಂಚು ಹೊದಿಸಿದಂತೆ ಒಂದರ ಮೇಲೊಂದು ಹಕ್ಕು. ಆ ನಾಡಿಗೆ ದಾರಿ ತೆರೆದವನೆಂದು ಹೆಸರಾದ ಡೇನಿಯಲ್ ಬೂನ್ ತಾನು ಗುರುತಿಸಿದ ಜಮೀನುಗಳನ್ನೆಲ್ಲ ವ್ಯಾಜ್ಯಗಳಲ್ಲಿ ಕಳೆದುಕೊಂಡು, 1799ರಲ್ಲಿ ಮಿಸೌರಿಯ ಕಡೆಗೆ ಹೋದ. ಅಬ್ರಹಾಂ ಲಿಂಕನ್‌ನ ತಂದೆ 1816ರಲ್ಲಿ ಕೆಂಟಕಿ ಬಿಡಲು ಮುಖ್ಯ ಕಾರಣ ಅಲ್ಲಿನ ಭೂಹಕ್ಕಿನ ತೊಡಕು ಎಂದು ಲಿಂಕನ್ನೇ ಬರೆದಿದ್ದಾನೆ. ಈ ಅವ್ಯವಸ್ಥೆ ಕಂಡೇ 1785ರ ಶಾಸನ, ಓಹಿಯೋ ನದಿಯಾಚೆಗೆ ಮೊದಲು ಅಳತೆ, ಆಮೇಲೆ ಮಾರಾಟ ಎಂದಿತು. ಆರು ಮೈಲಿಯ ಚೌಕ, ಅದರೊಳಗೆ 640 ಎಕರೆಯ ಮೂವತ್ತಾರು ತುಂಡು. ವಿಮಾನದ ಕಿಟಕಿಯಿಂದ ಕಾಣುವ ಆ ಚದುರಂಗದ ಹಾಸು ಅದೇ. ನಿಮ್ಮ ಕೌಂಟಿ ಅದಕ್ಕಿಂತ ಹಳೆಯದು, ಅಲ್ಲಿ ಇವತ್ತಿಗೂ ವಕ್ರ ಗಡಿಗಳೇ.

ಈಗ ನಿಮ್ಮ ಮಗಳ ಮಾತು. ಮಣಿಸರದ ಕಥೆಯನ್ನು ಅವಳು ಬಿಟ್ಟುಬಿಡಲಿ. ಆ ಕಥೆ ಅಂಟಿಕೊಂಡಿರುವುದು ಈಗಿನ ನ್ಯೂಯಾರ್ಕಿನ ಮ್ಯಾನ್‌ಹಟನ್ ದ್ವೀಪಕ್ಕೆ. 1626ರ ಆ ಖರೀದಿಯ ಬಗ್ಗೆ ಉಳಿದಿರುವ ಪತ್ರದಲ್ಲಿರುವುದು 60 ಗಿಲ್ಡರ್ ಎಂಬ ಬೆಲೆ ಮಾತ್ರ, ಮಣಿಯ ಸುದ್ದಿಯೇ ಇಲ್ಲ. ಮೂಲನಿವಾಸಿಗಳು ಏನೂ ಅರಿಯದ ಮುಗ್ಧರು ಎಂಬ ಭಾವನೆ ಆ ಕಥೆಯ ಬೆನ್ನಿಗಿದೆ, ಅದು ಅವರಿಗೆ ಮಾಡುವ ಇನ್ನೊಂದು ಅವಮಾನ. ಅವರು ಚೌಕಾಸಿ ಮಾಡಿದರು, ಷರತ್ತು ಹಾಕಿದರು, ಮೋಸವಾದಾಗ ಎಲ್ಲಿ ಹೇಗೆ ಆಯಿತೆಂದು ಬಿಡಿಬಿಡಿಯಾಗಿ ದೂರಿದರು. ಮೋಸ ನಡೆದದ್ದು ಅವರ ಅಜ್ಞಾನದಿಂದಲ್ಲ.

1737ರ ‘ನಡಿಗೆಯ ಖರೀದಿ’ಯನ್ನೇ ನೋಡಿ. ಪೆನ್ಸಿಲ್ವೇನಿಯಾದ ಒಡೆಯರಾದ ಪೆನ್ ಸಹೋದರರು, 1686ರದು ಎನ್ನಲಾದ ಹಳೆಯ ಕಾಗದವೊಂದನ್ನು ಹೊರತೆಗೆದರು. ಒಬ್ಬ ಮನುಷ್ಯ ಒಂದೂವರೆ ದಿನದಲ್ಲಿ ನಡೆಯುವಷ್ಟು ದೂರದ ನೆಲವನ್ನು ಅಲ್ಲಿನ ಮೂಲನಿವಾಸಿಗಳಾದ ಲೆನಾಪೆ ಜನ ಬಿಟ್ಟುಕೊಟ್ಟಿದ್ದಾರೆಂದು ಅದರಲ್ಲಿತ್ತು. ನದಿಯ ದಂಡೆ ಹಿಡಿದು, ಊಟಕ್ಕೆ ಕೂತು, ದಣಿವಾರಿಸಿಕೊಂಡು ನಡೆಯುವ ನಡಿಗೆ ಎಂದು ಲೆನಾಪೆಗಳು ತಿಳಿದರು. ಪೆನ್‌ಗಳ ಕಡೆಯವರು ಮೊದಲೇ ಕಾಡಿನಲ್ಲಿ ದಾರಿ ಸವರಿಸಿ, ಗಟ್ಟಿಮುಟ್ಟಾದ ಮೂವರನ್ನು ಆರಿಸಿ, ಹೆಚ್ಚು ದೂರ ಹೋದವನಿಗೆ ಐದು ಪೌಂಡ್ ಹಣ, ಐನೂರು ಎಕರೆ ಎಂದು ಆಸೆ ತೋರಿಸಿದರು. ಸೆಪ್ಟೆಂಬರ್ 19ರ ಬೆಳಿಗ್ಗೆ ಹೊರಟವರಲ್ಲಿ ಒಬ್ಬ ಮೊದಲ ದಿನವೇ ಕುಸಿದ, ಇನ್ನೊಬ್ಬ ಎರಡನೆಯ ದಿನ. ಎಡ್ವರ್ಡ್ ಮಾರ್ಷಲ್ ಒಬ್ಬನೇ ಸುಮಾರು 65 ಮೈಲಿ ಮುಟ್ಟಿದ. ಇದು ನಡಿಗೆಯಲ್ಲ, ಓಟ ಎಂದು ಲೆನಾಪೆ ಸಾಕ್ಷಿಗಳು ಅಲ್ಲೇ ಪ್ರತಿಭಟಿಸಿದರು. ಸಾಲದೆಂಬಂತೆ, ಅಲ್ಲಿಂದ ನದಿಗೆ ಗೆರೆ ಎಳೆಯುವಾಗ ಹತ್ತಿರದ ತಿರುವಿಗೆ ಎಳೆಯದೆ ಓರೆಯಾಗಿ ದೂರಕ್ಕೆ ಎಳೆದರು. ಒಟ್ಟು ಹನ್ನೆರಡು ಲಕ್ಷ ಎಕರೆಯಷ್ಟು ನೆಲ ಹೋಯಿತು. ನನ್ನ ವೃತ್ತಿಯಲ್ಲಿ ನೂರಾರು ಮೋಸದ ಕಾಗದ ನೋಡಿದ್ದೇನೆ. ಅಳತೆಯ ಮಾತನ್ನೇ ಹೀಗೆ ಆಯುಧ ಮಾಡಿಕೊಂಡದ್ದನ್ನು ಇನ್ನೆಲ್ಲೂ ಕಂಡಿಲ್ಲ.

1742ರಲ್ಲಿ ಇರೊಕ್ವಾ ಒಕ್ಕೂಟದವರು ಪೆನ್‌ಗಳ ಪರವಾಗಿ ನಿಂತು, ಜಾಗ ಬಿಡಿ ಎಂದು ಲೆನಾಪೆಗಳನ್ನು ಗದರಿದರು. ಅವರಲ್ಲಿ ಅನೇಕರು ಪಶ್ಚಿಮಕ್ಕೆ, ಓಹಿಯೋ ಕಣಿವೆಗೆ, ಅಂದರೆ ನಿಮ್ಮ ಈಗಿನ ಊರಿನ ಕಡೆಗೆ ಹೋದರು. 1768ರಲ್ಲಿ ಫೋರ್ಟ್ ಸ್ಟಾನ್‌ವಿಕ್ಸ್ ಎಂಬಲ್ಲಿ ಇನ್ನೊಂದು ಒಪ್ಪಂದವಾಯಿತು. ಓಹಿಯೋದ ದಕ್ಷಿಣದ ಅಪಾರ ನೆಲವನ್ನು ಬ್ರಿಟಿಷರಿಗೆ ಮಾರಿದವರು ಮತ್ತೆ ಇರೊಕ್ವಾ ಮುಖಂಡರೇ. ಆ ನೆಲದಲ್ಲಿ ವಾಸಿಸುತ್ತಿದ್ದ, ಬೇಟೆಯಾಡುತ್ತಿದ್ದ ಲೆನಾಪೆ, ಶಾನಿ ಜನರು ಮಾರಿದವರಲ್ಲ, ಹಣ ಪಡೆದವರೂ ಅಲ್ಲ. ಮರುವರ್ಷ ಏಪ್ರಿಲ್ 3ರಂದು ಪೆನ್ಸಿಲ್ವೇನಿಯಾದ ಭೂಕಚೇರಿ ಬಾಗಿಲು ತೆರೆದಾಗ ಬಂದ ಅರ್ಜಿಗಳ ರಾಶಿ ಎಷ್ಟಿತ್ತೆಂದರೆ, ಪೆಟ್ಟಿಗೆಗೆ ಹಾಕಿ ಚೀಟಿ ಎತ್ತಬೇಕಾಯಿತು. ನಿಮ್ಮ ಹಕ್ಕಿನ ಮೊದಲ ಕೊಂಡಿ, ವಾಷಿಂಗ್ಟನ್‌ನ ಕಾಗದಕ್ಕೂ ಹಿಂದಿನದು, 1768ರ ಆ ಒಪ್ಪಂದದಲ್ಲಿದೆ. ಅದು ಕದ್ದದ್ದಲ್ಲ, ಕೊಂಡದ್ದು, ಆದರೆ ಅಲ್ಲಿ ಬಾಳುತ್ತಿದ್ದವರಿಂದ ಕೊಂಡದ್ದಲ್ಲ. ಮಗಳು ಕೇಳಿದರೆ ನಾನು ಇಷ್ಟನ್ನೇ ಹೇಳುತ್ತೇನೆ.

ಹಾಗಾದರೆ ಆ ಹಳೆಯ ಅನ್ಯಾಯ ಈಗ ಏಕೆ ಕೋರ್ಟಿನಲ್ಲಿ ನಿಲ್ಲುವುದಿಲ್ಲ? ಏಕೆಂದರೆ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಸುಪ್ರೀಂ ಕೋರ್ಟು ಎರಡು ಬಾಗಿಲುಗಳನ್ನು ಮುಚ್ಚಿತು. ಎರಡೂ ಪ್ರಕರಣಗಳ ಬೇರು ಹದಿನೆಂಟನೆಯ ಶತಮಾನದ ಭೂದಂಧೆಯಲ್ಲಿದೆ.

1795ರ ಜನವರಿಯಲ್ಲಿ ಜಾರ್ಜಿಯಾದ ಶಾಸನಸಭೆ ಯಾಝೂ ಸೀಮೆಯ ಮೂರೂವರೆ ಕೋಟಿ ಎಕರೆಯನ್ನು ನಾಲ್ಕು ಕಂಪನಿಗಳಿಗೆ ಐದು ಲಕ್ಷ ಡಾಲರಿಗೆ ಮಾರಿತು. ಎಕರೆಗೆ ಒಂದೂವರೆ ಸೆಂಟ್. ಪರವಾಗಿ ಮತ ಹಾಕಿದವರಲ್ಲಿ ಒಬ್ಬನನ್ನು ಬಿಟ್ಟು ಎಲ್ಲರಿಗೂ ಆ ಕಂಪನಿಗಳಲ್ಲಿ ಪಾಲು ಸಿಕ್ಕಿತ್ತು. ಜನ ಕೆರಳಿದರು. ಜೇಮ್ಸ್ ಜಾಕ್ಸನ್ ಸೆನೆಟ್ ಸ್ಥಾನ ಬಿಟ್ಟು ಊರಿಗೆ ಬಂದು ಚುನಾವಣೆ ಗೆದ್ದು, 1796ರ ಫೆಬ್ರುವರಿಯಲ್ಲಿ ಆ ಕಾಯಿದೆಯನ್ನೇ ರದ್ದುಮಾಡಿಸಿದ. ಕಾಗದಗಳನ್ನು ಸಭಾಭವನದ ಮುಂದೆ ಸುಟ್ಟರು, ಭ್ರಷ್ಟರ ಕಾಗದವನ್ನು ಆಕಾಶದ ಬೆಂಕಿಯೇ ಸುಡಲಿ ಎಂದು ಭೂತಗನ್ನಡಿಯಿಂದ ಬಿಸಿಲು ಹಿಡಿದು ಹೊತ್ತಿಸಿದರು ಎಂಬ ಪ್ರತೀತಿ ಇದೆ. ಆದರೆ ಅಷ್ಟರಲ್ಲಿ ಜಮೀನು ಬಾಸ್ಟನ್ನಿನವರೆಗೂ ಕೈಬದಲಾಗಿತ್ತು. ಲಂಚದ ಗಂಧಗಾಳಿ ಇಲ್ಲದೆ ಕೊಂಡವರ ಗತಿ ಏನು? 1810ರಲ್ಲಿ ಫ್ಲೆಚರ್ ವಿರುದ್ಧ ಪೆಕ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿ ಜಾನ್ ಮಾರ್ಷಲ್ ತೀರ್ಪು ಕೊಟ್ಟ: ಮಂಜೂರಾತಿಯೂ ಒಂದು ಕರಾರು, ರಾಜ್ಯ ಅದನ್ನು ಮುರಿಯುವಂತಿಲ್ಲ, ಶಾಸಕರು ಲಂಚ ತಿಂದರೇ ಎಂದು ಕೆದಕಿ ಸದ್ಭಾವದಿಂದ ಕೊಂಡವನ ಹಕ್ಕನ್ನು ಕೋರ್ಟು ಕಿತ್ತುಕೊಳ್ಳದು. ಕೊನೆಗೆ 1814ರಲ್ಲಿ ಅಮೆರಿಕದ ಸಂಸತ್ತು ಯಾಝೂ ಹಕ್ಕುದಾರರಿಗೆ ಐವತ್ತು ಲಕ್ಷ ಡಾಲರ್‌ವರೆಗೆ ಪರಿಹಾರ ಕೊಡಲು ಒಪ್ಪಿತು.

ಎರಡನೆಯದು 1823ರ ಜಾನ್ಸನ್ ವಿರುದ್ಧ ಮೆಕಿಂಟಾಷ್. 1773 ಮತ್ತು 1775ರಲ್ಲಿ ಕಂಪನಿಗಳು ಇಲಿನಾಯ್, ಪಿಯಾಂಕಶಾ ಜನರಿಂದ ನೇರವಾಗಿ ಕೊಂಡ ನೆಲದ ಪ್ರಶ್ನೆ. ಅದೇ ಮಾರ್ಷಲ್ ಹೇಳಿದ: ಮೂಲನಿವಾಸಿಗಳಿಗೆ ಇರುವುದು ವಾಸದ ಹಕ್ಕು, ಅದನ್ನು ಕೊಳ್ಳಬಲ್ಲದ್ದು ಸರ್ಕಾರ ಮಾತ್ರ, ಖಾಸಗಿ ಖರೀದಿಗೆ ಈ ಕೋರ್ಟಿನಲ್ಲಿ ಬೆಲೆಯಿಲ್ಲ. ಮಾರ್ಷಲ್ ಸ್ವತಃ ವರ್ಜೀನಿಯಾದಲ್ಲಿ ಭಾರೀ ಜಮೀನು ವ್ಯವಹಾರ ಮಾಡಿದ್ದವನು ಎಂಬುದನ್ನೂ ನೀವು ತಿಳಿದಿರಬೇಕು. ಈ ತೀರ್ಪಿನಿಂದ ಕ್ರೋಗನ್‌ನಂಥವರ ದಂಧೆಗೆ ಬಾಗಿಲು ಬಿತ್ತು. ಅದರ ಜೊತೆಗೇ ಮೂಲನಿವಾಸಿಗಳು ತಮ್ಮ ನೆಲವನ್ನು ತಮಗೆ ಬೇಕಾದ ಬೆಲೆಗೆ ಬೇಕಾದವರಿಗೆ ಮಾರುವ ಸ್ವಾತಂತ್ರ್ಯವೂ ಹೋಯಿತು. ಕೊಳ್ಳುವವನು ಒಬ್ಬನೇ ಇದ್ದರೆ ಬೆಲೆ ಹೇಳುವವನು ಅವನೇ.

ನಡಿಗೆಯ ಖರೀದಿಯ ಮೇಲೆ ಲೆನಾಪೆ ವಂಶಸ್ಥರು ನಮ್ಮ ಕಾಲದಲ್ಲಿ ದಾವೆ ಹೂಡಿದರು. ವಂಚನೆಯ ಆರೋಪ ನಿಜವೆಂದೇ ಇಟ್ಟುಕೊಂಡರೂ ಹಕ್ಕು 1737ರಲ್ಲೇ ನಂದಿಹೋಯಿತು ಎಂದು ಕೋರ್ಟು 2004ರಲ್ಲಿ ವಜಾ ಮಾಡಿತು, 2006ರಲ್ಲಿ ಸುಪ್ರೀಂ ಕೋರ್ಟು ವಿಚಾರಣೆಗೆ ಎತ್ತಿಕೊಳ್ಳಲಿಲ್ಲ. ಎಲ್ಲ ಕಡೆಯೂ ಹೀಗೆಯೇ ಎಂದು ತಿಳಿಯಬೇಡಿ. ನ್ಯೂಯಾರ್ಕ್ ರಾಜ್ಯ 1795ರಲ್ಲಿ ಒನೈಡಾ ಜನರಿಂದ ಕೇಂದ್ರ ಸರ್ಕಾರದ ಒಪ್ಪಿಗೆಯಿಲ್ಲದೆ ಒಂದು ಲಕ್ಷ ಎಕರೆ ಕೊಂಡಿತ್ತು. ಅದು 1790ರಲ್ಲಿ ಬಂದು 1793ರಲ್ಲಿ ಮತ್ತೆ ಜಾರಿಯಾದ ಕಾನೂನಿಗೆ ವಿರುದ್ಧ ಎಂದು ಒನೈಡಾಗಳು 1985ರಲ್ಲಿ ಸುಪ್ರೀಂ ಕೋರ್ಟಿನಲ್ಲೇ ಗೆದ್ದರು. 2005ರಲ್ಲಿ ಮಾತ್ರ ಅದೇ ಕೋರ್ಟು, ಇಷ್ಟು ತಡವಾಗಿ ಬಂದು ನೆಲದ ಮೇಲಿನ ಆಡಳಿತದ ಹಕ್ಕನ್ನು ಮರಳಿ ಪಡೆಯಲಾಗದು ಎಂದಿತು. ನಿಮ್ಮ ಜಾಗ 1768ರ ಒಪ್ಪಂದದ ಕೆಳಗೆ ಬಂದದ್ದು, 1790ರ ಕಾನೂನಿಗೆ ಮೊದಲಿನದು. ಆ ದಾರಿಯಿಂದ ನಿಮ್ಮ ಮನೆಗೆ ಯಾರೂ ಬರಲಾರರು.

ಈ ದಂಧೆಯಲ್ಲಿ ಮುಳುಗಿದ ದೊಡ್ಡವರನ್ನೂ ಹೇಳದಿದ್ದರೆ ಚಿತ್ರ ಅರ್ಧವಾಗುತ್ತದೆ. ಫೆಲ್ಪ್ಸ್ ಮತ್ತು ಗೋರಂ ಎಂಬ ಇಬ್ಬರು 1788ರಲ್ಲಿ ನ್ಯೂಯಾರ್ಕಿನ ಪಶ್ಚಿಮದ ಅರವತ್ತು ಲಕ್ಷ ಎಕರೆಯ ಹಕ್ಕನ್ನು ಮ್ಯಾಸಚೂಸೆಟ್ಸ್‌ನಿಂದ ಕೊಂಡರು. ಮುಖಬೆಲೆಯ ಸಣ್ಣ ಪಾಲಿಗೆ ಬಿಕರಿಯಾಗುತ್ತಿದ್ದ ಸರ್ಕಾರಿ ಸಾಲಪತ್ರಗಳನ್ನು ಕೊಂಡು, ಅದರಲ್ಲೇ ಬೆಲೆ ತೀರಿಸುವ ಲೆಕ್ಕ ಅವರದು. 1790ರಲ್ಲಿ ಕೇಂದ್ರ ಸರ್ಕಾರ ರಾಜ್ಯಗಳ ಸಾಲ ವಹಿಸಿಕೊಂಡಾಗ ಸಾಲಪತ್ರದ ಬೆಲೆ ಏರಿತು, ಇವರು ಕಂತು ಕಟ್ಟಲಾಗದೆ ಕೈಬಿಟ್ಟರು. ಕ್ರಾಂತಿಯ ಖಜಾನೆಯನ್ನು ಹೊತ್ತು ನಡೆಸಿದ ರಾಬರ್ಟ್ ಮಾರಿಸ್ ಇಬ್ಬರು ಜೊತೆಗಾರರೊಂದಿಗೆ ಅರವತ್ತು ಲಕ್ಷ ಎಕರೆಯ ಕಂಪನಿ ಕಟ್ಟಿ, 1798ರಿಂದ 1801ರವರೆಗೆ ಫಿಲಡೆಲ್ಫಿಯಾದ ಸಾಲಗಾರರ ಜೈಲಿನಲ್ಲಿದ್ದ. ವಾಷಿಂಗ್ಟನ್ ಆ ಜೈಲಿಗೇ ಹೋಗಿ ಹಳೆಯ ಗೆಳೆಯನ ಜೊತೆ ಊಟ ಮಾಡಿ ಬಂದ. ಸುಪ್ರೀಂ ಕೋರ್ಟಿನ ಹಾಲಿ ನ್ಯಾಯಮೂರ್ತಿ ಜೇಮ್ಸ್ ವಿಲ್ಸನ್ ಸಾಲ ಕೊಟ್ಟವರಿಂದ ತಪ್ಪಿಸಿಕೊಂಡು ಓಡಾಡುತ್ತ, 1798ರ ಆಗಸ್ಟಿನಲ್ಲಿ ನಾರ್ತ್ ಕೆರೊಲಿನಾದ ಈಡನ್‌ಟನ್‌ನಲ್ಲಿ ತೀರಿಕೊಂಡ.

ಇನ್ನು ನಿಮ್ಮ ಕ್ರಯದ ವಿಷಯ. ‘ಹಕ್ಕು ಸರಿಯಿದ್ದರೆ ವಿಮೆ ಏಕೆ’ ಎಂದು ಕೇಳಿದ್ದೀರಿ. ಅಮೆರಿಕದಲ್ಲಿ ಬಹುತೇಕ ಕಡೆ ಸರ್ಕಾರ ಕಾಗದಗಳನ್ನು ದಾಖಲಿಸಿಕೊಳ್ಳುತ್ತದೆಯೇ ಹೊರತು ಹಕ್ಕು ನಿಮ್ಮದೇ ಎಂದು ಭರವಸೆ ಕೊಡುವುದಿಲ್ಲ. ನಮ್ಮ ಉಪನೋಂದಣಾಧಿಕಾರಿ ಕಚೇರಿಯೂ ಹಾಗೆಯೇ. ಆ ಕೊರತೆ ತುಂಬಲು 1876ರಲ್ಲಿ ಮೊದಲ ಟೈಟಲ್ ವಿಮಾ ಕಂಪನಿ ಹುಟ್ಟಿದ್ದು ಇದೇ ರಾಜ್ಯದ ಫಿಲಡೆಲ್ಫಿಯಾದಲ್ಲಿ. ಬ್ಯಾಂಕು ಕಡ್ಡಾಯ ಎನ್ನುವುದು ಬ್ಯಾಂಕಿನ ಸಾಲವನ್ನು ಕಾಯುವ ವಿಮೆ. ತಕರಾರು ಬಂದರೆ ಅದು ಬ್ಯಾಂಕಿನ ಹಣ ಉಳಿಸುತ್ತದೆ, ನೀವು ಹಾಕಿದ ಹಣವನ್ನಲ್ಲ. ಮಾಲೀಕರ ವಿಮೆಯನ್ನು ನೀವು ಕೇಳಿಯೇ ತೆಗೆದುಕೊಳ್ಳಬೇಕು. ಒಮ್ಮೆ ಕಂತು ಕಟ್ಟಿದರೆ ಜಾಗ ನಿಮ್ಮ ಬಳಿ ಇರುವವರೆಗೂ ನಡೆಯುತ್ತದೆ. ಎರಡನ್ನೂ ಒಟ್ಟಿಗೆ ತೆಗೆದುಕೊಂಡರೆ ಹೆಚ್ಚುವರಿ ಖರ್ಚು ಕಡಿಮೆ. ತಂದೆಯವರ ಕಥೆ ಬರೆದ ನಿಮಗೆ ಇದನ್ನು ಬೇಡ ಎನ್ನುವ ಧೈರ್ಯ ನನಗಿಲ್ಲ.

ವಿಮೆ ಎಲ್ಲವನ್ನೂ ಹೊದಿಸುವುದಿಲ್ಲ. ಮೋಜಣಿ ಮಾಡಿಸಿದ್ದರೆ ಗೊತ್ತಾಗುತ್ತಿದ್ದ ದೋಷಗಳನ್ನು ಸಾಮಾನ್ಯ ಪಾಲಿಸಿ ಹೊರಗಿಡುತ್ತದೆ. ಎರಡು ಎಕರೆಯ ಹಳೆಯ ಜಾಗಕ್ಕೆ ಮೋಜಣಿದಾರರನ್ನು ಕರೆಸಿ. ಬೇಲಿ ಎಲ್ಲಿದೆ, ಪಕ್ಕದವರ ಶೆಡ್ ಎಲ್ಲಿದೆ ಎಂದು ನೋಡಿ. ಇಪ್ಪತ್ತೊಂದು ವರ್ಷದ ಆ ನಿಯಮ ಇನ್ನೂ ಜೀವಂತವಾಗಿದೆ, ಕೆಲವು ಮನೆ ನಿವೇಶನಗಳಿಗೆ ಈಚೆಗೆ ಹತ್ತು ವರ್ಷಕ್ಕೂ ಇಳಿದಿದೆ. ಮೋಜಣಿಯಿಂದ ನೆರೆಯವರ ಜೊತೆ ಒಂದು ಮಾತು ಬರಬಹುದು. ಕೊಳ್ಳುವ ಮೊದಲು ಬಂದರೆ ಒಳ್ಳೆಯದೇ.

ನಿಜವಾದ ಅಪಾಯ ಇರುವುದು ನೆಲದ ಕೆಳಗೆ. ನಿಮ್ಮ ಕೌಂಟಿಯಲ್ಲಿ ಮೇಲಿನ ನೆಲ ಒಬ್ಬರದು, ಕೆಳಗಿನ ಕಲ್ಲಿದ್ದಲು ಇನ್ನೊಬ್ಬರದು ಆಗಿರುವುದು ತೀರಾ ಸಾಮಾನ್ಯ. ಕ್ರಯಪತ್ರದಲ್ಲೇ ಕಲ್ಲಿದ್ದಲಿನ ಬಗ್ಗೆ ಎಚ್ಚರಿಕೆಯ ಒಂದು ಪ್ಯಾರಾ ಇರುತ್ತದೆ. ಓದದೆ ಸಹಿ ಹಾಕಬೇಡಿ, ಏಕೆಂದರೆ ಸಾಮಾನ್ಯವಾಗಿ ವಿಮೆಯೂ ಅದನ್ನು ಹೊರಗಿಟ್ಟಿರುತ್ತದೆ. 2004ರಲ್ಲಿ ನಿಮ್ಮ ಪಕ್ಕದ ಮೌಂಟ್ ಪ್ಲೆಸೆಂಟ್‌ನಲ್ಲಿ ಆಳದ ಶೇಲ್ ಬಂಡೆಯಿಂದ ಅನಿಲ ಬಂದ ಮೇಲೆ, ಮುತ್ತಜ್ಜನ ಕಾಲದಲ್ಲಿ ಬಿಡಿಯಾಗಿ ಮಾರಿದ ಖನಿಜ ಹಕ್ಕಿನ ಕಾಗದಗಳಿಗೆ ಮತ್ತೆ ಜೀವ ಬಂದಿದೆ. ಖನಿಜ ಹಕ್ಕಿನ ಶೋಧಕ್ಕೆ ಸಾಮಾನ್ಯ ಶೋಧಕ್ಕಿಂತ ಹೆಚ್ಚು ಹಣ, ಹೆಚ್ಚು ದಿನ ಬೇಕು. ಮಾರುವವರು ಅವಸರ ಮಾಡಬಹುದು. ಆ ಹಕ್ಕು ನಿಮಗೆ ಬರುವುದಿಲ್ಲ ಎಂದು ತಿಳಿದೂ ಕೊಳ್ಳಬಹುದು, ಎಷ್ಟೋ ಜನ ಕೊಂಡು ಸುಖವಾಗಿದ್ದಾರೆ. ತಿಳಿಯದೆ ಕೊಳ್ಳಬೇಡಿ.

ಕ್ರಯದ ದಿನಕ್ಕೆ ಮೊದಲು ಒಂದು ಮಧ್ಯಾಹ್ನ ಬಿಡುವು ಮಾಡಿಕೊಂಡು ಮಗಳನ್ನೂ ಕರೆದುಕೊಂಡು ವಾಷಿಂಗ್ಟನ್ ಪಟ್ಟಣದ ಕೌಂಟಿ ಕಚೇರಿಗೆ ಹೋಗಿ. ನಿಮ್ಮ ಟೌನ್‌ಶಿಪ್ಪಿನ ಮೂಲ ಹಕ್ಕುದಾರರ ನಕ್ಷೆ ಎಲ್ಲಿ ನೋಡಲು ಸಿಗುತ್ತದೆ ಎಂದು ಕೇಳಿ. ಪ್ರತಿಯೊಂದು ತುಂಡಿನ ಮೇಲೂ ಮೊದಲು ಹಕ್ಕು ಪಡೆದವನ ಹೆಸರು, ಮೋಜಣಿಯ ದಿನ, ಎಕರೆಯ ಲೆಕ್ಕ ಬರೆದಿರುತ್ತದೆ. ಗೆರೆಗಳ ಕೊನೆಯಲ್ಲಿ ಮರದ ಹೆಸರುಗಳಿದ್ದರೆ ಅವನ್ನೂ ಬರೆದುಕೊಳ್ಳಿ. ನಿಮ್ಮ ತುಂಡಿನ ಪ್ರತಿ ಮತ್ತು ಈಗಿನ ಕ್ರಯಪತ್ರದ ಚಕ್ಕುಬಂದಿ ಕಳುಹಿಸಿದರೆ, ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಓದಿ ಹೇಳುತ್ತೇನೆ.